ಒಳ್ಳೆಯ ನೆರೆಯವರ ಕಥೆಗಳು

27 ಜುಲೈ 2025, ಭಾನುವಾರ
ಧಾರವಾಡ

ಇವತ್ತು ರೊಟ್ಟಿ ಹಬ್ಬ. ಬೆಳಿಗ್ಗೆಯಿಂದ ಜಿಟಿಜಿಟಿ ಮಳೆ. ಪಂಚಮಿಗೆ ಅಂತ ಅಕ್ಕ ನಿನ್ನೆ ಸಂಜೆಯೇ ತವರಿಗೆ ಬಂದಳು. ಗದಗಿನಿಂದ ಹುಬ್ಬಳ್ಳಿಗೆ ರೈಲು, ಅಲ್ಲಿಂದ ಚಿಗರಿ ಬಸ್ಸು. ಜೊತೆಗೆ ಅವಳ ಮಗಳು. ಈ ವರ್ಷ ಪಿಯುಸಿಗೆ ಸೇರಿದ್ದಾಳೆ. ಚೀಲ ಕೆಳಗಿಡುವ ಮೊದಲೇ ಅವಳ ಪ್ರಶ್ನೆ: "ಮಾಮಾ, ಫೇರಿ ಬರೋ ಕಾದಂಬರಿ ಇನ್ನೂ ಯಾವ್ಯಾವ ಅದಾವ? ಸಣ್ಣ ಹುಡುಗರದ್ದು ಬ್ಯಾಡ ಮತ್ತ."

ಗೆಳತಿಯ ಹತ್ತಿರ ಇಸಿದುಕೊಂಡು ಹಾಲಿ ಬ್ಲ್ಯಾಕ್ ಬರೆದ 'ದ ಕ್ರೂಯೆಲ್ ಪ್ರಿನ್ಸ್' ಓದಿದ್ದಾಳಂತೆ. 2018ರ ಪುಸ್ತಕ. ಫೇರಿಗಳ, ಅಂದರೆ ಬ್ರಿಟನ್ ಕಡೆಯ ಜನಪದ ಕಥೆಗಳ ಮಾಯಾವಿ ಜನರ, ನಾಡಿನಲ್ಲಿ ಬೆಳೆಯುವ ಮನುಷ್ಯರ ಹುಡುಗಿಯ ಕಥೆ. ಏನು ಇಷ್ಟವಾಯಿತು ಅಂತ ಕೇಳಿದೆ. "ಅವರಿಗೆ ಸುಳ್ಳು ಹೇಳಾಕ ಬರಂಗಿಲ್ಲ. ಆದ್ರೂ ಮೋಸ ಮಾಡ್ತಾರ" ಅಂದಳು. ಕೇಳಿ ನನಗೆ ಎಷ್ಟು ಖುಷಿಯಾಯಿತು ಅಂದರೆ, ರಾತ್ರಿ ಊಟವಾದ ಮೇಲೆ ಕಪಾಟಿನ ಮುಂದೆ ಕೂತು ಒಂದೊಂದೇ ಪುಸ್ತಕ ತೆಗೆದು ಧೂಳು ಒರೆಸಿದೆ. ಈ ಹುಡುಗಿ ಸರಿಯಾದ ಬಾಗಿಲಿನಿಂದಲೇ ಒಳಗೆ ಬಂದಿದ್ದಾಳೆ.

ಬೆಳಿಗ್ಗೆ ಅವ್ವ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಮಡಕಿಕಾಳು ಪಲ್ಯ, ಬದನೆಕಾಯಿ ಎಣಗಾಯಿ, ಗುರೆಳ್ಳು ಚಟ್ನಿ ಎಲ್ಲ ಜೋಡಿಸಿ ತಾಟುಗಳನ್ನು ಕೈಗೆ ಕೊಟ್ಟಳು. ಓಣಿಯ ಆರು ಮನೆಗೆ ಹಂಚಬೇಕು. ನಾವಿಬ್ಬರೂ ಒಂದೇ ಕೊಡೆಯಲ್ಲಿ ಹೊರಟೆವು. ಪ್ರತಿ ಮನೆಯಿಂದಲೂ ತಾಟು ತುಂಬಿಯೇ ವಾಪಸ್ ಬಂತು. ಒಂದು ಮನೆಯಲ್ಲಿ ಅಡುಗೆ ಇನ್ನೂ ಆಗಿರಲಿಲ್ಲ. ಆ ಮನೆಯ ಅಮ್ಮ ತಾಟಿಗೆ ಒಂದು ಹಿಡಿ ಸಕ್ಕರೆ ಹಾಕಿ ಕೊಟ್ಟರು. ಖಾಲಿ ತಾಟು ತಿರುಗಿ ಕೊಡಬಾರದು ಅಲ್ವಾ?

ಆಗ ನಾನು ಅವಳಿಗೆ ಹೇಳಿದೆ. ಸ್ಕಾಟ್‌ಲೆಂಡಿನ ಹಳ್ಳಿಗಳಲ್ಲಿ ಜನ ಫೇರಿಗಳನ್ನು ಫೇರಿ ಅನ್ನದೆ 'ಒಳ್ಳೆಯ ನೆರೆಯವರು' ಅನ್ನುತ್ತಿದ್ದರು. ಹೆಸರು ಹಿಡಿದರೆ ಸಿಟ್ಟಾಗುತ್ತಾರೆ ಅನ್ನೋ ಭಯ. ಆ ನೆರೆಯವರ ಜೊತೆ ಕೊಡು-ಕೊಳ್ಳುವುದಕ್ಕೂ ಕಟ್ಟಳೆ ಇತ್ತು. ರಾತ್ರಿ ಬಂದು ಮನೆಗೆಲಸ ಮಾಡಿ ಹೋಗುವ ಬ್ರೌನಿಗೆ ಒಂದು ಬಟ್ಟಲು ಹಾಲೋ ಕೆನೆಯೋ ಇಡಬೇಕು. ಸಂಬಳದ ಹಾಗೆ ಕೈಗೆ ಕೊಡಬಾರದು, ಸುಮ್ನೆ ಇಟ್ಟು ಹೋಗಬೇಕು. ಹೊಸ ಬಟ್ಟೆ ಕೊಟ್ಟರೆ ಅದು ಮನೆ ಬಿಟ್ಟು ಹೋಗುತ್ತದೆ.

ಹುಡುಗಿ ನಗಲಿಲ್ಲ. "ನಾಳೆ ನಾವೂ ಹಾಲು ಎರೀತೀವಲ್ಲ" ಅಂದಳು.

ಹೌದು. ನಾಳೆ ಚೌತಿ. ಇದು ದೇವರ ಪಾಲು, ಇದು ಅಪ್ಪನ ಪಾಲು, ಇದು ಅಜ್ಜನ ಪಾಲು ಅಂತ ಒಬ್ಬೊಬ್ಬರ ಹೆಸರಿನಲ್ಲೂ ನಾಗಪ್ಪನಿಗೆ ಹಾಲು ಎರೆಯುತ್ತೇವೆ. ಹಬ್ಬದ ದಿನ ಬಿಟ್ಟರೂ ಅಷ್ಟೇ, ಅವ್ವ ಸಂಜೆಯಾದ ಮೇಲೆ ಹಾವು ಅನ್ನೋ ಮಾತು ಬಾಯಿಂದ ಬರಗೊಡುವುದಿಲ್ಲ. ನಿನ್ನೆ ಹುಡುಗಿ ಅಂದಳು, ತಕ್ಷಣ ಬೈದಳು: "ಹೊತ್ತು ಮುಳುಗಿದ ಮ್ಯಾಲ ಹೆಸರು ತಗೀಬ್ಯಾಡ. ಹುಳ ಅನ್ನು." ಸ್ಕಾಟ್‌ಲೆಂಡಿನ ಯಾವುದೋ ಅಜ್ಜಿಯೂ ಮೊಮ್ಮಗಳಿಗೆ ಹೀಗೇ ಬೈದಿರಬೇಕು.

ಫೇರಿಗೆ ಕನ್ನಡದಲ್ಲಿ ಏನನ್ನೋದು? ಕಿನ್ನರಿ ಅಂತಾರೆ, ಯಕ್ಷಿಣಿ ಅಂತಾರೆ, ಮಕ್ಕಳ ಪುಸ್ತಕದಲ್ಲಿ ದೇವತೆ ಅಂತಲೂ ಬರೆಯುತ್ತಾರೆ. ನನಗೆ ಯಾವುದೂ ಒಗ್ಗಿಲ್ಲ. ಕಿನ್ನರಿ ಅಂದ ಕೂಡಲೇ ಹಾಡು, ಸೊಬಗು ಮಾತ್ರ ಕಣ್ಣಿಗೆ ಬರುತ್ತದೆ. ಭಯ ಬರುವುದಿಲ್ಲ. ಬೆನ್ನಿಗೆ ಚಿಟ್ಟೆಯ ರೆಕ್ಕೆ, ಕೈಯಲ್ಲಿ ಮಿನುಗುವ ಕೋಲು, ಇದೆಲ್ಲ ಆಮೇಲೆ ಚಿತ್ರ ಬರೆಯುವವರೂ ನಾಟಕದವರೂ ತೊಡಿಸಿದ್ದು. ಹಳ್ಳಿಯ ಕಥೆಗಳಲ್ಲಿ ರೆಕ್ಕೆ ಅಪರೂಪ. ಅಲ್ಲಿ ಅವರು ಗುಡ್ಡದೊಳಗೆ ಇರುತ್ತಾರೆ. ಮನುಷ್ಯರಷ್ಟೇ ಎತ್ತರವೂ ಇರಬಹುದು. ತೊಟ್ಟಿಲಿನ ಕೂಸನ್ನು ಎತ್ತಿಕೊಂಡು ಹೋಗಿ ತಮ್ಮದೊಂದನ್ನು ಮಲಗಿಸಿ ಹೋಗುತ್ತಾರೆ. ಅವರಿಗೆ ಕಬ್ಬಿಣ ಕಂಡರೆ ಆಗುವುದಿಲ್ಲ. ಅದಕ್ಕೇ ಅಲ್ಲಿ ತೊಟ್ಟಿಲ ಮೇಲೆ ಕತ್ತರಿ ತೂಗಿಬಿಡುತ್ತಿದ್ದರು. ನಮ್ಮ ಮನೆಯಲ್ಲಿ ಇದೇ ಹುಡುಗಿ ಹುಟ್ಟಿದಾಗ ಅವ್ವ ತೊಟ್ಟಿಲ ಕೆಳಗೆ ಅಡಕತ್ತರಿ ಇಟ್ಟಿದ್ದಳು. ನನಗೆ ಚೆನ್ನಾಗಿ ನೆನಪಿದೆ.

ಇದನ್ನೆಲ್ಲ ಬರೆದಿಟ್ಟ ಒಬ್ಬ ಪಾದ್ರಿಯ ಕಥೆಯನ್ನೂ ಅವಳಿಗೆ ಹೇಳಿದೆ. ಹೆಸರು ರಾಬರ್ಟ್ ಕರ್ಕ್. ಸ್ಕಾಟ್‌ಲೆಂಡಿನ ಅಬರ್‌ಫಾಯ್ಲ್ ಅನ್ನೋ ಊರಿನವನು. ಫೇರಿಗಳ ಬಗ್ಗೆ ಜನ ಹೇಳಿದ್ದನ್ನು ಆತ 1690ರ ಆಸುಪಾಸಿನಲ್ಲಿ ಶ್ರದ್ಧೆಯಿಂದ ಬರೆದಿಟ್ಟ. ಅವರು ಏನು ಉಣ್ಣುತ್ತಾರೆ, ಎಲ್ಲಿರುತ್ತಾರೆ, ಯಾವಾಗ ಮನೆ ಬದಲಿಸುತ್ತಾರೆ ಎಲ್ಲವೂ ಅದರಲ್ಲಿದೆ. 1692ರಲ್ಲಿ ಆತ ತೀರಿಕೊಂಡ. ಸತ್ತಿಲ್ಲ, ಗುಟ್ಟು ಬಿಟ್ಟುಕೊಟ್ಟನೆಂದು ಅವರೇ ಗುಡ್ಡದೊಳಗೆ ಎಳೆದುಕೊಂಡರು ಅಂತ ಊರವರ ಮಾತು. ಬರಹ ಅಚ್ಚಾಗಿದ್ದು 1815ರಲ್ಲಿ. ಆ ಗುಡ್ಡದ ಮೇಲಿನ ಪೈನ್ ಮರಕ್ಕೆ ಜನ ಇವತ್ತಿಗೂ ಹರಕೆಯ ಬಟ್ಟೆ ಕಟ್ಟುತ್ತಾರೆ. ಬಟ್ಟೆ ಕಟ್ಟಿದ ಮರ ಅಂದರೆ ನಮಗೆ ಬಿಡಿಸಿ ಹೇಳಬೇಕೇ?

ಮಧ್ಯಾಹ್ನ ಊಟದ ನಂತರ ಪುಸ್ತಕಗಳನ್ನು ಚಾಪೆಯ ಮೇಲೆ ಹರಡಿದೆ.

ಮೊದಲು ಕೊಟ್ಟಿದ್ದು ಟೆರ್ರಿ ಪ್ರಾಟ್ಚೆಟ್‌ನ 'ದ ವೀ ಫ್ರೀ ಮೆನ್', 2003ರದ್ದು. ಟಿಫನಿ ಅನ್ನೋ ಒಂಬತ್ತು ವರ್ಷದ ಹುಡುಗಿ. ಕುರಿ ಸಾಕುವ ಮನೆತನ. ಅವಳ ತಮ್ಮನನ್ನು ಫೇರಿಗಳ ರಾಣಿ ಒಯ್ಯುತ್ತಾಳೆ. ಇವಳು ಕಬ್ಬಿಣದ ಬಾಣಲೆ ಹಿಡಿದುಕೊಂಡು ಹುಡುಕಿ ಹೊರಡುತ್ತಾಳೆ. ಮಕ್ಕಳ ಪುಸ್ತಕ ಅಂತ ಅಂಗಡಿಯಲ್ಲಿ ಆ ಸಾಲಿನಲ್ಲೇ ಇಡುತ್ತಾರೆ, ನಿಜ. ಆದರೆ ಅದರಲ್ಲಿ ಟಿಫನಿಯ ತೀರಿಹೋದ ಅಜ್ಜಿಯ ನೆನಪು ಬರುವ ಪುಟಗಳಿವೆ. ಮಾತು ಕಡಿಮೆ, ಕುರಿಗಳ ಜೊತೆ ಗುಡ್ಡದಲ್ಲಿ ಬಾಳಿದ ಮುದುಕಿ. ಅವಳ ತಂಬಾಕಿನ ವಾಸನೆ, ಅವಳ ಸಿಟ್ಟು, ಅವಳಿಗೆ ಹೇಳದೆ ಉಳಿದ ಮಾತು. ನಾನು ಅದನ್ನು ಮೊದಲು ಓದಿದಾಗ ನಮ್ಮಜ್ಜಿ ಹೋಗಿ ಒಂದು ವರ್ಷ ಆಗಿತ್ತು. ಪುಸ್ತಕ ಮುಚ್ಚಿಟ್ಟು ಅತ್ತಿದ್ದೇನೆ. ದೊಡ್ಡವರಿಗೂ ನಾನು ಮೊದಲು ಇದನ್ನೇ ಕೊಡುವುದು.

ಎರಡನೆಯದು ದಪ್ಪ ಪುಸ್ತಕ. ಸುಸಾನಾ ಕ್ಲಾರ್ಕ್ ಬರೆದ 'ಜೊನಾಥನ್ ಸ್ಟ್ರೇಂಜ್ ಅಂಡ್ ಮಿಸ್ಟರ್ ನೊರೆಲ್'. 2004ರಲ್ಲಿ ಬಂತು, ಮರುವರ್ಷ ಹ್ಯೂಗೋ ಪ್ರಶಸ್ತಿ ಪಡೆಯಿತು. ನೆಪೋಲಿಯನ್ ಕಾಲದ ಇಂಗ್ಲೆಂಡ್. ಮಾಂತ್ರಿಕನೊಬ್ಬ ದೊಡ್ಡ ಮನೆತನದ ಸತ್ತ ಹುಡುಗಿಯನ್ನು ಬದುಕಿಸಲು ಫೇರಿಯೊಬ್ಬನನ್ನು ಕರೆಯುತ್ತಾನೆ. ಫೇರಿ ಕೇಳುವ ಬೆಲೆ ಅವಳ ಆಯುಷ್ಯದ ಅರ್ಧ. ಮಾಂತ್ರಿಕ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಾನೆ, ಹುಡುಗಿ ಇನ್ನೂ ಎಷ್ಟೋ ವರ್ಷ ಬದುಕುತ್ತಾಳೆ, ಕೊನೆಯ ಅರ್ಧ ತಾನೇ, ಕೊಟ್ಟರಾಯಿತು ಅಂತ. ಫೇರಿ ಹಾಗೆ ತಗೊಳ್ಳುವುದಿಲ್ಲ. ಅವಳ ರಾತ್ರಿಗಳನ್ನು ತಗೊಳ್ಳುತ್ತಾನೆ. ದಿನಾ ರಾತ್ರಿ ಅವಳು ಅವನ ಹಾಳು ಅರಮನೆಯಲ್ಲಿ ಬೆಳಗಾಗುವ ತನಕ ಕುಣಿಯಬೇಕು. ಹಗಲು ಸುಸ್ತಾಗಿ ಕೂತಿರುತ್ತಾಳೆ. ಯಾರಿಗಾದರೂ ಹೇಳಹೋದರೆ ಬಾಯಿಂದ ಸಂಬಂಧವಿಲ್ಲದ ಏನೇನೋ ಕಥೆ ಬರುತ್ತದೆ. ಮನೆಯವರು ಹುಚ್ಚು ಅಂದುಕೊಳ್ಳುತ್ತಾರೆ.

ನೋಡಿ, ಫೇರಿ ಇಲ್ಲಿ ಸುಳ್ಳು ಹೇಳಲಿಲ್ಲ. ಅರ್ಧ ಅಂದ, ಅರ್ಧವನ್ನೇ ತಗೊಂಡ. ಹುಡುಗಿಯನ್ನು ಮಾತ್ರ ಯಾರೂ ಕೇಳಲಿಲ್ಲ. ಇಬ್ಬರು ಗಂಡಸರು ಅವಳ ಬದುಕನ್ನು ಹಂಚಿಕೊಂಡರು. ನಾನು ಈ ಭಾಗ ಹೇಳುವಾಗ ಅಕ್ಕ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಂತಳು. ಕೊನೆಯವರೆಗೂ ನಿಂತೇ ಕೇಳಿದಳು. "ಹೇಳಾಕ ಹೋದ್ರ ಬ್ಯಾರೆ ಮಾತು ಬರತಾವಲ್ಲ, ಅದು ಖರೇ" ಅಂದು ಒಳಗೆ ಹೋದಳು. ಅಕ್ಕ ಕಾದಂಬರಿ ಓದುವವಳಲ್ಲ. ಆ ಮಾತು ಇನ್ನೂ ನನ್ನ ಕಿವಿಯಲ್ಲಿದೆ.

ಈ ಪುಸ್ತಕದ ಮೊದಲ ನೂರು ಪುಟ ನಿಧಾನ. ಉದ್ದುದ್ದ ಅಡಿಟಿಪ್ಪಣಿಗಳು ಬೇರೆ. ಅವನ್ನು ಬಿಟ್ಟು ಓದಬೇಡ ಅಂತ ಹೇಳಿದ್ದೇನೆ. ಹಳೆಯ ಫೇರಿ ಕಥೆಗಳು ಇರುವುದೇ ಅಲ್ಲಿ.

ನನಗೆ ಎಲ್ಲಕ್ಕಿಂತ ಹತ್ತಿರದ್ದು ಹೋಪ್ ಮರ್ಲೀಸ್ ಬರೆದ 'ಲಡ್-ಇನ್-ದ-ಮಿಸ್ಟ್', 1926. ಅವರು ಬರೆದದ್ದೇ ಮೂರು ಕಾದಂಬರಿ, ಅದರಲ್ಲಿ ಫ್ಯಾಂಟಸಿ ಇದೊಂದೇ. ಎರಡು ನದಿ ಕೂಡುವಲ್ಲಿ ಒಂದು ಊರು. ವ್ಯಾಪಾರಸ್ಥರು, ಉಂಡುಟ್ಟು ಸುಖವಾಗಿರುವವರು. ಒಂದು ನದಿ ಹುಟ್ಟುವುದು ಮಾತ್ರ ಫೇರಿಗಳ ನಾಡಿನಲ್ಲಿ. ಅಲ್ಲಿಂದ ಊರಿಗೆ ಕಳ್ಳತನದಲ್ಲಿ ಹಣ್ಣು ಬರುತ್ತದೆ. ತಿಂದವರು ಮೊದಲಿನ ಹಾಗೆ ಉಳಿಯುವುದಿಲ್ಲ. ಊರಿನ ದೊಡ್ಡವರಿಗೆ ಅದರ ಹೆಸರೆತ್ತುವುದೇ ಅಸಹ್ಯ. ಎಷ್ಟೆಂದರೆ ಕೋರ್ಟಿನ ಕಾಗದದಲ್ಲೂ ಹಣ್ಣು ಅಂತ ಬರೆಯುವುದಿಲ್ಲ, ರೇಷ್ಮೆ ಬಟ್ಟೆ ಅಂತ ಬರೆದು ಕೇಸು ನಡೆಸುತ್ತಾರೆ. ಕೊನೆಗೆ ಊರಿನ ಮೇಯರ್‌ನ ಮಗನೇ ಆ ಹಣ್ಣು ತಿಂದುಬಿಡುತ್ತಾನೆ.

ಭಯಕ್ಕೆ ಹೆಸರು ಹೇಳದಿರುವುದು ಬೇರೆ, ನಾಚಿಕೆಗೆ ಹೇಳದಿರುವುದು ಬೇರೆ. ಅವ್ವ ಹುಳ ಅನ್ನುವಾಗ ಅದರಲ್ಲಿ ಮರ್ಯಾದೆ ಇದೆ, ಅದಕ್ಕೂ ಒಂದು ಪಾಲು ಇದೆ. ಈ ಊರಿನವರು ಪಾಲು ಕೊಡುವುದನ್ನು ನಿಲ್ಲಿಸಿದ್ದಾರೆ. ನೆರೆಯಲ್ಲಿ ಯಾರೂ ಇಲ್ಲವೆಂಬಂತೆ ಬಾಳುತ್ತಾರೆ. ಆ ಮೇಯರ್‌ಗೆ ಎಳೆಯ ವಯಸ್ಸಿನಲ್ಲಿ ಕೇಳಿದ ಒಂದೇ ಒಂದು ಸ್ವರದ ಭಯ. ಅದನ್ನು ಅವನು ಯಾರಿಗೂ ಹೇಳಿಲ್ಲ. ಎಲ್ಲ ಸರಿಯಾಗಿರುವ ಮನೆಯಲ್ಲಿ ಕೂತಾಗಲೂ ಇದೆಲ್ಲ ಯಾವತ್ತೋ ಕೈಬಿಟ್ಟು ಹೋದದ್ದು ಅನ್ನೋ ಹಾಗೆ ಸಂಕಟಪಡುತ್ತಾನೆ. ನಾನು ಆ ಪುಟ ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ. ಮಳೆಗಾಲದ ಸಂಜೆ ಸಾಧನಕೇರಿಯ ದಂಡೆಯಲ್ಲಿ ನಿಂತಾಗ ನನಗೂ ಎಷ್ಟೋ ಸಲ ಹಾಗೇ ಅನಿಸಿದೆ.

ಉಳಿದವನ್ನು ಬೇಗ ಹೇಳಿ ಮುಗಿಸಿದೆ. ಲಾರ್ಡ್ ಡನ್ಸೇನಿಯ 'ದ ಕಿಂಗ್ ಆಫ್ ಎಲ್ಫ್‌ಲ್ಯಾಂಡ್ಸ್ ಡಾಟರ್', 1924. ಫೇರಿ ರಾಜನ ಮಗಳು ಮನುಷ್ಯರ ಮನೆಗೆ ಸೊಸೆಯಾಗಿ ಬರುತ್ತಾಳೆ. ಇಲ್ಲಿನ ದೇವರು ಅವಳಿಗೆ ತಿಳಿಯುವುದಿಲ್ಲ, ನಕ್ಷತ್ರಗಳಿಗೆ ಕೈಮುಗಿಯುತ್ತಾಳೆ. ಗಂಡನಿಗೆ ಅದು ಸರಿಬರುವುದಿಲ್ಲ. ಭಾಷೆ ಹಾಡಿನ ಹಾಗಿದೆ, ಅವಸರದಲ್ಲಿ ಓದಿದರೆ ದಕ್ಕುವುದಿಲ್ಲ. ಪ್ರಾಜೆಕ್ಟ್ ಗುಟೆನ್‌ಬರ್ಗ್ ಅನ್ನೋ ಜಾಲತಾಣದಲ್ಲಿ ದುಡ್ಡಿಲ್ಲದೆ ಸಿಗುತ್ತದೆ. ಹಗುರಾಗಿ ಏನಾದರೂ ಬೇಕು ಅನಿಸಿದರೆ ಹೆದರ್ ಫಾಸೆಟ್‌ನ 'ಎಮಿಲಿ ವೈಲ್ಡ್ಸ್ ಎನ್‌ಸೈಕ್ಲೊಪೀಡಿಯಾ ಆಫ್ ಫೇರೀಸ್', 2023ರದ್ದು. 1909ರಲ್ಲಿ ಫೇರಿಗಳ ಅಧ್ಯಯನಕ್ಕೆ ಚಳಿನಾಡಿನ ಹಳ್ಳಿಗೆ ಹೋದ ಕೇಂಬ್ರಿಜ್ ಪ್ರಾಧ್ಯಾಪಕಿಯ ದಿನಚರಿ. ಫೇರಿಗಳ ಜೊತೆ ಹೇಗೆ ನಡೆದುಕೊಳ್ಳಬೇಕು ಅಂತ ಅವಳಿಗೆ ಗೊತ್ತು, ಊರಿನ ಜನರ ಜೊತೆ ಗೊತ್ತಿಲ್ಲ. ಅದು ನನಗೆ ತುಂಬ ಹಿಡಿಸಿತು.

ಮೊನಚು ಕಿವಿಯ ಚೆಲುವ, ಅವನ ಹಿಂದೆ ಒಬ್ಬ ಹುಡುಗಿ, ಇಷ್ಟೇ ಇರುವ ಪುಸ್ತಕಗಳು ಈಗ ಜಾಸ್ತಿ ಬರುತ್ತಿವೆ. ಓದಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಅವುಗಳಲ್ಲಿ ಕಟ್ಟಳೆ ಇಲ್ಲ, ಹಾಲಿನ ಬಟ್ಟಲಿಲ್ಲ, ಕಬ್ಬಿಣವಿಲ್ಲ. ಆ ಚೆಲುವನ ಕಿವಿ ನೆಟ್ಟಗೆ ಮಾಡಿದರೂ ಕಥೆ ಹಾಗೇ ನಡೆಯುತ್ತದೆ. ಹಾಗಿದ್ದರೆ ಫೇರಿ ಯಾಕೆ ಬೇಕು?

ಸಂಜೆ ಅವ್ವ ಒಲೆ ಮುಂದೆ ಕೂತು, ಯಾವ ಪುಸ್ತಕ ಹಿಡಿದೆ ಅಂತ ಮೊಮ್ಮಗಳನ್ನು ಕೇಳಿದಳು. ಹುಡುಗಿ ಟಿಫನಿಯ ಕಥೆಯನ್ನು ನಮ್ಮ ಮಾತಿನಲ್ಲಿ ಹೇಳತೊಡಗಿದಳು. ಬಾಣಲೆ ಅನ್ನಲಿಲ್ಲ, ಹಂಚು ಅಂದಳು. ತಮ್ಮನನ್ನು ಒಯ್ದರು ಅನ್ನೋವರೆಗೆ ಅವ್ವ ರೊಟ್ಟಿ ತಟ್ಟುತ್ತಲೇ ಕೇಳಿದಳು. ಆಮೇಲೆ ಕೈ ನಿಲ್ಲಿಸಿ, "ತೊಟ್ಟಿಲದಾಗ ಕಬ್ಬಣ ಇಟ್ಟಿದ್ದಿಲ್ಲೇನ ಅವರು?" ಅಂದಳು.

ಬುಧವಾರ ಅಕ್ಕ ವಾಪಸ್ ಹೊರಡುತ್ತಾಳೆ. ಕ್ಲಾರ್ಕ್ ಪುಸ್ತಕವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವರ ಬ್ಯಾಗಿಗೆ ಹಾಕಿದ್ದೇನೆ. ಮರ್ಲೀಸ್ ಪುಸ್ತಕದ್ದು ನನ್ನ ಹತ್ತಿರ ಒಂದೇ ಪ್ರತಿ. ಅದನ್ನೂ ಕಳಿಸುತ್ತಿದ್ದೇನೆ. ದೀಪಾವಳಿಗೆ ಬರುವಾಗ ತರಬೇಕು ಅಂತ ಹೇಳಿದ್ದೇನೆ, ಜೊತೆಗೆ ಅವಳಿಗೆ ಇಷ್ಟವಾದ ಬೇರೆ ಒಂದು ಪುಸ್ತಕವನ್ನೂ.