ಗುಮಾಸ್ತನಿಗೆ ಕತ್ತು ಬಂತು (ಪೇಪರ್ ಬೊಂಬೆ ಸಿನಿಮಾ, ಅಪ್‌ಡೇಟ್)

ಕಟ್‌ಔಟ್ ಆನಿಮೇಷನ್ (ಕತ್ತರಿಸಿದ ಪೇಪರ್ ಬೊಂಬೆಯನ್ನು ಚೂರುಚೂರೇ ಸರಿಸಿ, ಒಂದೊಂದೇ ಫೋಟೊ ತೆಗೆದು ಜೋಡಿಸುವ ಸಿನಿಮಾ) ಸ್ವಲ್ಪ ಮುಂದಕ್ಕೆ ಹೋಗಿದೆ. ಹೊಸಬರಿಗೆ ಕಥೆ ಇಷ್ಟೇ: ಜನರ ಪತ್ರ ಒಡೆದು ಓದಿ, ಸರ್ಕಾರಕ್ಕೆ ಇಷ್ಟವಾಗದ ಸಾಲಿಗೆ ಮಸಿ ಬಳಿಯುವ ಗುಮಾಸ್ತ ಒಬ್ಬನಿದ್ದಾನೆ. ಒಂದು ದಿನ ಅವನ ಮಗಳು ಬರೆದ ಪತ್ರವೇ ಅವನ ಮೇಜಿಗೆ ಬರುತ್ತದೆ. ಮಾತಿಲ್ಲ, ಪೆನ್ನಿನ ಕರಕರ ಸದ್ದು ಅಷ್ಟೇ.

ಈ ಸಲ ಸಮಯವೆಲ್ಲ ತಿಂದಿದ್ದು ಅವನ ಕತ್ತು. ಬೇರೆ ಬೇರೆ ಬಾಯಿ, ಹುಬ್ಬು ಕತ್ತರಿಸಿಟ್ಟುಕೊಂಡು ಬದಲಾಯಿಸುತ್ತಾ ಹೋಗುವ ಯೋಚನೆ ಇತ್ತು. ಚೆಕೊಸ್ಲೊವಾಕಿಯಾದ ಯಿರ್ಜಿ ತ್ರನ್ಕಾ 1965ರಲ್ಲಿ ಮಾಡಿದ ‘ಕೈ’ ಅನ್ನುವ ಬೊಂಬೆ ಸಿನಿಮಾವನ್ನು ಇನ್ನೊಮ್ಮೆ ನೋಡಿದೆ, ಆ ಯೋಚನೆ ಬಿಟ್ಟೆ. ಗಿಡಕ್ಕೆ ಕುಂಡ ಮಾಡಿಕೊಂಡು ತನ್ನ ಪಾಡಿಗೆ ತಾನಿರುವ ಒಂದು ಬೊಂಬೆ, ಕೋಣೆಗೆ ನುಗ್ಗಿ ಕುಂಡ ಸಾಕು, ನನ್ನ ಮೂರ್ತಿ ಮಾಡು ಅಂತ ಕಾಡುವ ಗ್ಲೌಸ್ ಹಾಕಿದ ನಿಜವಾದ ಕೈ. ಬೊಂಬೆಯ ಮುಖ ಕೊನೆತನಕ ಒಂದೇ. ತಲೆ ಸ್ವಲ್ಪ ತಗ್ಗುತ್ತದೆ, ಬೆಳಕು ಬೇರೆ ಕಡೆಯಿಂದ ಬೀಳುತ್ತದೆ, ಹೆದರಿದೆ ಅಂತ ನಮಗೆ ಗೊತ್ತಾಗಿಬಿಡುತ್ತದೆ.

ಹಾಗಾಗಿ ಗುಮಾಸ್ತನಿಗೂ ಒಂದೇ ಮುಖ. ತಲೆಗೂ ಮೈಗೂ ಸೂಜಿಯಲ್ಲಿ ತೂತು ಮಾಡಿ, ದಾರ ಪೋಣಿಸಿ, ಎರಡೂ ಕಡೆ ಗಂಟು ಹಾಕಿದೆ. ಗಂಟು ಸಡಿಲವಾದರೆ ತಲೆ ಜೋತು ಬೀಳುತ್ತದೆ, ಬಿಗಿಯಾದರೆ ತಲೆ ತಿರುಗಿಸಿದಾಗ ಮೈಯೂ ಜೊತೆಗೆ ಬರುತ್ತದೆ. ಮೈ ಹಿಂದೆ ಮೇಣದ ಚೂರು ಒತ್ತಿದ ಮೇಲೆ ಈಗ ಅಲುಗಾಡುತ್ತಿಲ್ಲ. ಸೆಕೆಂಡಿಗೆ 12 ಫೋಟೊ ಲೆಕ್ಕ. ಮಗಳ ಕೈಬರಹ ಕಂಡಾಗ ತಲೆ ಅರ್ಧ ಬಗ್ಗಿ ನಿಲ್ಲಬೇಕು. 6 ಫೋಟೊ ನಿಲ್ಲಿಸಿದರೆ ಸುಮ್ನೆ ಓದುತ್ತಿರುವ ಹಾಗೆ ಕಾಣುತ್ತಾನೆ, 18 ನಿಲ್ಲಿಸಿದರೆ ಗುರುತು ಹಿಡಿದ ಹಾಗೆ. ಅದೇ ಬೊಂಬೆ, ಅದೇ ಮುಖ, ಒಂದು ಸೆಕೆಂಡ್ ವ್ಯತ್ಯಾಸ! ಇದನ್ನು ಯಾವ ಸ್ಕ್ರಿಪ್ಟಿನಲ್ಲಿ ಬರೆದು ಸೆನ್ಸಾರ್ ಒಪ್ಪಿಗೆಗೆ ಕಳಿಸೋದು?

ಹಾಗಂತ ಸಂಕೇತದಲ್ಲಿ (ಸರ್ಕಾರದ ಬದಲು ಕೈ ತೋರಿಸಿದ ಹಾಗೆ) ಹೇಳಿದರೆ ಸೆನ್ಸಾರ್‌ನವರಿಗೆ ತಿಳಿಯಲ್ಲ ಅನ್ನೋದನ್ನು ನಾನು ನಂಬಲ್ಲ. ಅವರೇನು ದಡ್ಡರಲ್ಲ. 1968ರಲ್ಲಿ ಸೋವಿಯತ್ ಟ್ಯಾಂಕ್‌ಗಳು ಪ್ರಾಗ್‌ಗೆ ಬಂದವು, 1969ರ ಕೊನೆಗೆ ತ್ರನ್ಕಾ ತೀರಿಕೊಂಡರು, ಆಮೇಲೆ ‘ಕೈ’ಯನ್ನು ನಿಷೇಧಿಸಿದರು. ಅದೇ ದೇಶದ ಇನ್ನೊಬ್ಬ ಆನಿಮೇಷನ್ ನಿರ್ದೇಶಕ ಯಾನ್ ಶ್ವಾಂಕ್‌ಮಾಯರ್‌ಗೆ ಎಪ್ಪತ್ತರ ದಶಕದಲ್ಲಿ ವರ್ಷಗಟ್ಟಲೆ ಸಿನಿಮಾ ಮಾಡಲು ಬಿಡಲಿಲ್ಲ, ಆ ಹೊತ್ತಿನಲ್ಲಿ ಅವರು ಮುಟ್ಟಿ ನೋಡುವ ಕಲಾಕೃತಿಗಳನ್ನು ಮಾಡುತ್ತಾ ಕೂತರು (ಅವರ ಸಿನಿಮಾಗಳಲ್ಲಿ ಬರುವ ಮಣ್ಣಿನ ತಲೆಗಳು ಅಷ್ಟು ಮೈ ಜುಮ್ಮೆನಿಸೋದು ಇದರಿಂದಲೇ ಅಂತ ನನ್ನ ಊಹೆ). ಆಗ ಸ್ಟುಡಿಯೋ, ಲ್ಯಾಬ್, ಥಿಯೇಟರ್ ಎಲ್ಲ ಸರ್ಕಾರದ್ದೇ. ನನ್ನ ಹತ್ತಿರ ಫೋನ್ ಇದೆ, ಒಂದು ಟೇಬಲ್ ಲ್ಯಾಂಪ್ ಇದೆ, ಯಾರನ್ನೂ ಕೇಳಬೇಕಿಲ್ಲ. ಮಾಡೋದಕ್ಕೆ ಮಾತ್ರ. ತೋರಿಸೋದು ಬೇರೆ ಮಾತು, ಅಲ್ವಾ?

ಮುಂದಿನ ಕೆಲಸ ಮಸಿ. ನಿಜವಾದ ಇಂಕ್ ಹಾಕಿದರೆ ಪೇಪರ್ ಉಬ್ಬಿ ನೆರಳು ಬದಲಾಗುತ್ತದೆ, ಅದಕ್ಕೇ ಕಪ್ಪು ಕಾಗದವನ್ನು ಅಕ್ಕಿಕಾಳಿನಷ್ಟು ಚೂರು ಮಾಡಿ ಸಾಲಿನ ಮೇಲೆ ಒಂದೊಂದಾಗಿ ಇಡುತ್ತಾ ಹೋಗಬೇಕು. ಫ್ಯಾನ್ ಆಫ್ ಮಾಡಿ. ಬಿಳಿ ಅಂಗಿ ಹಾಕಿಕೊಂಡು ಹತ್ತಿರ ನಿಂತರೆ ಅದರ ಬೆಳಕೂ ಚಿತ್ರದ ಮೇಲೆ ಬೀಳುತ್ತದೆ, ಹಾಗಾಗಿ ಶೂಟಿಂಗ್‌ಗೆ ಕಪ್ಪು ಟೀಶರ್ಟ್ ಒಂದನ್ನು ಬೇರೆಯೇ ಎತ್ತಿಟ್ಟಿದ್ದೇನೆ.