ಮಂಡ್ಯ ತಾಲ್ಲೂಕಿನ ಸರ್ಕಾರಿ ಶಾಲೆಗಳ ಲೆಕ್ಕ: ಇಲ್ಲಿವರೆಗಿನ ಕೆಲಸ

ಹೋದ ಸಲ ಬರೆದಾಗ ಶಾಲೆಗಳ ಪಟ್ಟಿ ಮಾತ್ರ ಇತ್ತು. ಈಗ ಶೀಟ್‌ಗೆ ಮಕ್ಕಳ ಸಂಖ್ಯೆ, ಶಿಕ್ಷಕರ ಹುದ್ದೆ, ಶಾಲಾ ಅನುದಾನ ಮೂರೂ ಸೇರಿವೆ. ಹೊಸದಾಗಿ ಓದುವವರಿಗೆ ಹೇಳಬೇಕು ಅಂದರೆ, ತಾಲ್ಲೂಕಿನ ಸರ್ಕಾರಿ ಶಾಲೆಗಳಿಗೆ ಎಷ್ಟು ದುಡ್ಡು ಬರುತ್ತದೆ, ಅದರಿಂದ ಮಕ್ಕಳ ಕಲಿಕೆ ಬದಲಾಗುತ್ತದಾ ಅಂತ ನೋಡುವುದು ನಮ್ಮ ಕೆಲಸ. ನಾನು ಮತ್ತು ನಿವೃತ್ತ ಮೇಷ್ಟ್ರೊಬ್ಬರು ಬಿಡುವಿದ್ದಾಗ ಕೂತು ಮಾಡುತ್ತಿದ್ದೇವೆ.

ಹೆಸರು ನೋಡಿ ಶಾಲೆಗಳನ್ನು ಜೋಡಿಸುವುದನ್ನು ಬಿಟ್ಟೆವು. ಒಂದೇ ಊರಿನ ಹೆಸರನ್ನು ಒಂದೊಂದು ಕಡೆ ಒಂದೊಂದು ಥರ ಬರೆದಿರುತ್ತಾರೆ. ಸರ್ಕಾರದ ಶಾಲಾ ಮಾಹಿತಿ ವ್ಯವಸ್ಥೆಯಾದ ಯುಡೈಸ್ ಪ್ರತಿ ಶಾಲೆಗೂ ಕೊಡುವ 11 ಅಂಕಿಯ ಕೋಡ್ ಹಾಕಿದರೆ ಗೊಂದಲ ಇಲ್ಲ.

ದುಡ್ಡಿನ ಕಾಲಂ ಬಗ್ಗೆ ಜಾಸ್ತಿ ಬರೆಯಬೇಕು. ಸಮಗ್ರ ಶಿಕ್ಷಣ ಯೋಜನೆಯಲ್ಲಿ ಶಾಲಾ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ನಿಂತಿದೆ. 30 ಮಕ್ಕಳವರೆಗೆ ವರ್ಷಕ್ಕೆ 10,000 ರೂಪಾಯಿ. 31ರಿಂದ 100ರವರೆಗೆ 25,000. ಅದರಲ್ಲಿ ಹತ್ತನೇ ಒಂದು ಭಾಗವಾದರೂ ಸ್ವಚ್ಛತೆಗೇ ಹೋಗಬೇಕು. ಈಗ ಲೆಕ್ಕ ಹಾಕಿ ನೋಡಿ. 30 ಮಕ್ಕಳಿರುವ ಶಾಲೆಗೆ ತಲೆಗೆ 333 ರೂಪಾಯಿ. ಒಂದೇ ಒಂದು ಮಗು ಜಾಸ್ತಿ ಸೇರಿದರೆ ತಲೆಗೆ 806. ಮಗು ಒಂದೇ, ಅನುದಾನ ಎರಡೂವರೆ ಪಟ್ಟು!

30 ಮಕ್ಕಳ ಈ ಗೆರೆ ನಮಗೆ ಸಿಕ್ಕ ದೊಡ್ಡ ಅನುಕೂಲ ಅಂತ ನನಗನ್ನಿಸುತ್ತದೆ. 28 ಮಕ್ಕಳ ಶಾಲೆಗೂ 33 ಮಕ್ಕಳ ಶಾಲೆಗೂ ಬೇರೆ ವಿಷಯಗಳಲ್ಲಿ ಅಷ್ಟೇನೂ ವ್ಯತ್ಯಾಸ ಇರುವುದಿಲ್ಲ. ಅದೇ ಥರದ ಊರು, ಅದೇ ಥರದ ಮನೆಗಳು. ಹಾಗಾಗಿ ಗೆರೆಯ ಆಚೆ ಈಚೆ ಇರುವ ಶಾಲೆಗಳನ್ನು ಮಾತ್ರ ಪಕ್ಕಪಕ್ಕ ಇಟ್ಟರೆ ದುಡ್ಡಿನ ಪರಿಣಾಮ ಸ್ವಲ್ಪವಾದರೂ ಕಾಣಬೇಕು. ಇಡೀ ತಾಲ್ಲೂಕಿನ ಶಾಲೆಗಳನ್ನು ಒಟ್ಟಿಗೆ ಹಾಕಿದರೆ ಕಾಣುವುದಿಲ್ಲ.

ಮೇಷ್ಟ್ರಿಗೆ ಇದು ಪೂರ್ತಿ ಒಪ್ಪಿಗೆಯಾಗಲಿಲ್ಲ. "ನೋಡಮ್ಮ, ಹೆಚ್ಚಿಗೆ ಬರೋ ಹದಿನೈದು ಸಾವಿರದಲ್ಲಿ ಸುಣ್ಣ ಬಣ್ಣ, ಸೀಮೆಸುಣ್ಣ, ಕರೆಂಟ್ ಬಿಲ್ಲು ಆಗುತ್ತೆ. ಪಾಠ ಮಾಡೋಕೆ ಆಳು ಬೇಕಲ್ಲ?" ಅಂದರು. "ಹಾಗಾದ್ರೆ ಶಿಕ್ಷಕರ ಗೆರೆ ನೋಡೋಣ ಸಾರ್" ಅಂದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಕಿರಿಯ ಪ್ರಾಥಮಿಕ ಹಂತದಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಒಬ್ಬ ಶಿಕ್ಷಕರ ವರ್ಷದ ಸಂಬಳದ ಮುಂದೆ ಶಾಲಾ ಅನುದಾನ ಏನೇನೂ ಅಲ್ಲ. ಆದರೆ ಆ ಸಂಬಳ ಶಾಲೆಯ ಕ್ಯಾಶ್ ಬುಕ್ಕಿನಲ್ಲಿ ಬರುವುದೇ ಇಲ್ಲ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಓದುವ ಲೆಕ್ಕ ಶಾಲೆಗೆ ಆಗುವ ಖರ್ಚಿನ ಸಣ್ಣ ತುಣುಕು ಅಷ್ಟೇ. ಅದಕ್ಕೇ ಈಗ ಎರಡು ಗೆರೆ ಇಟ್ಟುಕೊಂಡಿದ್ದೇವೆ: ಅನುದಾನಕ್ಕೆ 30, ಶಿಕ್ಷಕರಿಗೆ 60. ಮಂಜೂರಾದ ಹುದ್ದೆ, ನಿಜವಾಗಿ ಇರುವವರು, ಅತಿಥಿ ಶಿಕ್ಷಕರು, ಮೂರಕ್ಕೂ ಬೇರೆ ಬೇರೆ ಕಾಲಂ.

ತಲಾ ಖರ್ಚು ಓದುವಾಗ ಇನ್ನೊಂದು ಎಚ್ಚರ ಬೇಕು. ಮಕ್ಕಳು ಶಾಲೆ ಬಿಟ್ಟು ಕಾನ್ವೆಂಟ್ ವ್ಯಾನ್ ಹತ್ತಿದರೂ ಇಬ್ಬರು ಶಿಕ್ಷಕರ ಸಂಬಳ ಹಾಗೇ ಇರುತ್ತದೆ. ಆಗ ತಲಾ ಖರ್ಚು ತಾನಾಗಿ ಏರುತ್ತದೆ. ಉಳಿದ ಮಕ್ಕಳಿಗೆ ಒಂದು ಪುಸ್ತಕವೂ ಹೆಚ್ಚಿಗೆ ಸಿಕ್ಕಿರುವುದಿಲ್ಲ. "ಸರ್ಕಾರ ಇಷ್ಟು ಸುರಿದರೂ ಫಲ ಇಲ್ಲ" ಅನ್ನುವ ಮಾತು ಎಷ್ಟೋ ಸಲ ಇಂಥ ಅಂಕಿಯಿಂದಲೇ ಹುಟ್ಟುತ್ತದೆ. ನನಗೆ ಅದು ಬಹಳ ಬೇಜಾರಿನ ವಿಷಯ.

ಫಲಿತಾಂಶದ ಕಡೆಗೆ ಬಂದರೆ ಇದಕ್ಕಿಂತ ಕಷ್ಟ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಮಂಡ್ಯ ಜಿಲ್ಲೆ ಶೇ 96.74 ಪಡೆದು ರಾಜ್ಯಕ್ಕೆ ಎರಡನೆಯದು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ವೆಬ್‌ಕಾಸ್ಟಿಂಗ್ ಬಂತು, ಅಂದರೆ ನಕಲು ತಡೆಯಲು ಕ್ಯಾಮೆರಾದಲ್ಲಿ ನೇರ ನಿಗಾ. ಕೃಪಾಂಕ ಹೆಚ್ಚಿಸಿದ ಮೇಲೂ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. ಮಂಡ್ಯ ಮೊದಲ ಹತ್ತರಲ್ಲೂ ಉಳಿಯಲಿಲ್ಲ. ಒಂದೇ ವರ್ಷದಲ್ಲಿ ನಮ್ಮ ಮಕ್ಕಳ ಕಲಿಕೆ ಅಷ್ಟು ಕುಸಿಯಿತಾ? ಇಲ್ಲ, ಅಳೆಯುವ ರೀತಿ ಬದಲಾಯಿತು. ಆದ್ದರಿಂದ ಪ್ರೌಢಶಾಲೆಗಳ ಶೀಟ್‌ನಲ್ಲಿ 2023ಕ್ಕೂ 2024ಕ್ಕೂ ನಡುವೆ ದಪ್ಪ ಗೆರೆ ಎಳೆದಿದ್ದೇನೆ. ಆ ಗೆರೆ ದಾಟಿ ಯಾವ ಶಾಲೆಯನ್ನೂ ಹೋಲಿಸುವುದಿಲ್ಲ. ಒಂದೇ ವರ್ಷದೊಳಗೆ ಶಾಲೆಗಳನ್ನು ಹೋಲಿಸಬಹುದು, ಅಷ್ಟೇ.

ಪಾಸಾದವರ ಶೇಕಡಾ ಪರೀಕ್ಷೆಗೆ ಕೂತವರ ಮೇಲೆ ಹಾಕಿದ ಲೆಕ್ಕ. ಎಂಟನೇ ಕ್ಲಾಸಿಗೆ ಸೇರಿ ನಡುವೆ ಬಿಟ್ಟುಹೋದವರು ಅದರಲ್ಲಿ ಬರುವುದಿಲ್ಲ. ಮದುವೆ ಮಾಡಿ ಕಳಿಸಿದ ಹುಡುಗಿ, ಗ್ಯಾರೇಜಿಗೆ ಸೇರಿದ ಹುಡುಗ ಯಾರ ಫಲಿತಾಂಶವನ್ನೂ ಕೆಡಿಸುವುದಿಲ್ಲ. ಅವರನ್ನು ಲೆಕ್ಕಕ್ಕೆ ತರಲೇಬೇಕು ಅಂತ ನಾವಿಬ್ಬರೂ ಹಟ ಹಿಡಿದಿದ್ದೇವೆ.

ಕಿರಿಯ ಪ್ರಾಥಮಿಕ ಶಾಲೆಗೆ ಪಬ್ಲಿಕ್ ಪರೀಕ್ಷೆ ಇಲ್ಲ. ಅಲ್ಲಿ ನಲಿ-ಕಲಿ ನೆರವಿಗೆ ಬರಬಹುದು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ, ಚಟುವಟಿಕೆಗಳ ಮೂಲಕ ಕಲಿಸುವ ಪದ್ಧತಿ ಅದು. ಮಗು ಯಾವ ಮೈಲಿಗಲ್ಲು ದಾಟಿದೆ ಅಂತ ಟೀಚರ್ ಗುರುತು ಮಾಡಿಡುತ್ತಾರೆ. ಜೊತೆಗೆ ಎರಡನೇ ಕ್ಲಾಸಿನ ಮಟ್ಟದ ಒಂದು ಪುಟವನ್ನು ಐದನೇ ಕ್ಲಾಸಿನ ಮಕ್ಕಳಿಂದ ಓದಿಸುವ ಯೋಚನೆ ಇದೆ. ಮಕ್ಕಳ ಓದು, ಲೆಕ್ಕದ ಮಟ್ಟ ಅಳೆಯುವ ಅಸರ್ ಸಮೀಕ್ಷೆಯವರು 2005ರಿಂದ ಮನೆಮನೆಗೆ ಹೋಗಿ ಹೀಗೇ ಓದಿಸುತ್ತಾ ಬಂದಿದ್ದಾರೆ. ಪುಟವನ್ನು ಮೇಷ್ಟ್ರು ಬರೆದಾಗಿದೆ: ಗದ್ದೆಗೆ ನೀರು ಬಿಡುವ ದಿನದ ಕಥೆ. ಚೆನ್ನಾಗಿದೆ.

ಓದಿದ್ದರಲ್ಲಿ ತಲೆಯಲ್ಲಿ ಉಳಿದದ್ದು ಆಂಧ್ರದ ಅಧ್ಯಯನ, ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಯವರು 2013ರಲ್ಲಿ ಪ್ರಕಟಿಸಿದ್ದು. ಶಾಲೆಗೆ ಅನುದಾನ ಅನಿರೀಕ್ಷಿತವಾಗಿ ಬಂದ ವರ್ಷ ಮಕ್ಕಳ ಅಂಕ ಏರಿತು. ಬರುತ್ತದೆ ಅಂತ ಮೊದಲೇ ಗೊತ್ತಿದ್ದ ಎರಡನೇ ವರ್ಷ ಏರಲಿಲ್ಲ. ಅಪ್ಪ ಅಮ್ಮಂದಿರು ತಾವು ಮಾಡುತ್ತಿದ್ದ ಖರ್ಚನ್ನು ಕಡಿಮೆ ಮಾಡಿದ್ದರು. ದುಡ್ಡು ದಂಡವಾಯಿತು ಅಂತ ಇದರ ಅರ್ಥ ಅಲ್ಲ, ಬಡ ಮನೆಗೆ ಅಷ್ಟು ಹಗುರವಾಯಿತು. ಇದನ್ನು ಓದಿದ ಮೇಲೆ ನೋಟ್‌ಬುಕ್, ಬ್ಯಾಗು, ಟ್ಯೂಷನ್‌ಗೆ ಮನೆಯವರು ಎಷ್ಟು ಖರ್ಚು ಮಾಡಿದರು ಅನ್ನುವ ಪ್ರಶ್ನೆಯನ್ನೂ ಪಟ್ಟಿಗೆ ಸೇರಿಸಿದೆವು.

ಮುಂದಿನ ಕೆಲಸ: ಎಂಟನೇ ಕ್ಲಾಸಿನ ದಾಖಲಾತಿ ಸಂಖ್ಯೆಗಳಿಗೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕುವುದು. ಮಕ್ಕಳ ಹೆಸರು ಕೇಳುವುದಿಲ್ಲ, ಸಂಖ್ಯೆ ಸಾಕು. ಓದಿಸುವ ಕೆಲಸಕ್ಕೆ ಹೆಡ್ ಮೇಷ್ಟ್ರುಗಳ, ಎಸ್‌ಡಿಎಂಸಿಯವರ ಒಪ್ಪಿಗೆ ಪಡೆಯಬೇಕು. ನಿಮ್ಮೂರ ಶಾಲೆಯಲ್ಲಿ 28ರಿಂದ 33 ಮಕ್ಕಳಿದ್ದರೆ, ನೀವು ಎಸ್‌ಡಿಎಂಸಿಯಲ್ಲಿದ್ದರೆ, ಹಿಂದಿನ ವರ್ಷದ ಅನುದಾನ ಯಾವ ತಿಂಗಳು ಖಾತೆಗೆ ಬಂತು ಅಂತ ಪಾಸ್‌ಬುಕ್ ನೋಡಿ ತಿಳಿಸಿ. ಜೂನ್‌ನಲ್ಲಿ ಬಂದ ಹತ್ತು ಸಾವಿರಕ್ಕೂ ಮಾರ್ಚ್‌ನಲ್ಲಿ ಬಂದ ಹತ್ತು ಸಾವಿರಕ್ಕೂ ಒಂದೇ ಕಾಲಂ ಸಾಲದು ಅಂತ ಮೇಷ್ಟ್ರು ಹೇಳುತ್ತಿದ್ದಾರೆ.