ತೋಳು ಮಡಿಸಿ ಇನ್ನೊಂದ್ಸಲ ಮಾಡಿ

"ಸಾರ್, ಅಂಗಿ ತೋಳು ಮಡಿಸ್ಕೊಂಡು ಇನ್ನೊಂದ್ಸಲ ಮಾಡಿ."

ಏಳನೇ ಕ್ಲಾಸಿನ ಹುಡುಗಿ ಕೇಳಿದ್ದು ಇಷ್ಟೇ. ಜೂನ್ 6, ಭೌತಶಾಸ್ತ್ರದ ಮೇಷ್ಟ್ರೂ ವಿಚಾರವಾದಿಯೂ ಆಗಿದ್ದ ಎಚ್. ನರಸಿಂಹಯ್ಯನವರ, ಅಂದರೆ ಎಲ್ಲರ ಎಚ್ಚೆನ್ ಅವರ, ಹುಟ್ಟಿದ ದಿನ. ಫೋಟೊಗೆ ಹಾರ ಬಿದ್ದು, ಭಾಷಣ ಮುಗಿದು, ಪವಾಡ ಮಾಡಿ ತೋರಿಸಿ ಅದರ ಗುಟ್ಟು ಬಿಚ್ಚಿಡುವ 'ಪವಾಡ ಬಯಲು' ನಡೆಯುತ್ತಿತ್ತು. ಹೊರಗಿನಿಂದ ಬಂದ ಪ್ರದರ್ಶಕರು ಖಾಲಿ ಅಂಗೈ ತೋರಿಸಿ, ಗಾಳಿಯಲ್ಲಿ ಕೈ ಸುತ್ತಿಸಿ, ಮುಂದಿನ ಸಾಲಿನ ಮಕ್ಕಳಿಗೆ ವಿಭೂತಿ ಉದುರಿಸಿದ್ದರು. ಅವರು ಉತ್ತರ ಕೊಡುವ ಮೊದಲೇ ಪಕ್ಕದಲ್ಲಿದ್ದ ಮೇಷ್ಟ್ರು, "ಏ, ಕೂತ್ಕೊಳಮ್ಮ. ದೊಡ್ಡೋರು ಮಾಡ್ತಿರೋವಾಗ ಮಧ್ಯೆ ಬಾಯಿ ಹಾಕ್ಬಾರ್ದು" ಅಂದರು. ಹುಡುಗಿ ಕೂತಳು. ಪ್ರದರ್ಶಕರು ಗುಟ್ಟು ಹೇಳಿದರು, ಚಪ್ಪಾಳೆ ಬಿತ್ತು.

ಮೇಷ್ಟ್ರು ಕೆಟ್ಟವರೇನಲ್ಲ. ಕಾರ್ಯಕ್ರಮ ಸುಸೂತ್ರವಾಗಿ ಮುಗಿಯಬೇಕು ಎಂಬ ಧಾವಂತ ಅಷ್ಟೆ. ಆದರೆ ಎಚ್ಚೆನ್ ಫೋಟೊ ಇಟ್ಟುಕೊಂಡು ಆಡುವ ಮಾತೇ ಅದು?

ಹುಡುಗಿಯ ಊಹೆ ತಪ್ಪು ಎನ್ನುವುದೇ ಇದರ ಸೊಗಸು. ತೋಳಿನಲ್ಲಿ ಏನೂ ಇರಲಿಲ್ಲ. ಈ ಚಮತ್ಕಾರಕ್ಕೆ ಬೇಕಾದದ್ದು ಜರಡಿ ಹಿಡಿದ ವಿಭೂತಿ ಮತ್ತು ಅನ್ನದ ಗಂಜಿ. ಅರ್ಧ ಲೋಟ ವಿಭೂತಿಗೆ ತಿಳಿ ಗಂಜಿಯನ್ನು ಒಂದೊಂದೇ ಚಮಚ ಹಾಕಿ, ಮುದ್ದೆ ಹಿಡಿಯುವಷ್ಟಕ್ಕೆ ನಿಲ್ಲಿಸಬೇಕು. ಕಡಲೆಕಾಳಿಗಿಂತ ತುಸು ದೊಡ್ಡ ಗುಳಿಗೆ ಕಟ್ಟಿ ಒಣಗಿಸಬೇಕು. ಗಂಜಿ ದಪ್ಪವಾದರೆ ಒಣಗಿದ ಮೇಲೆ ಕಲ್ಲಾಗುತ್ತದೆ, ಬೆರಳಲ್ಲಿ ಹಿಸುಕಿದರೂ ಪುಡಿಯಾಗುವುದಿಲ್ಲ. ತೀರಾ ನೀರಾದರೆ ಕೈಗೆತ್ತಿಕೊಳ್ಳುವಾಗಲೇ ಒಡೆಯುತ್ತದೆ. ಜೂನ್ ಜುಲೈನ ಥಂಡಿ ಹವೆಯಲ್ಲಿ ಒಳಗೆ ಹಸಿ ಉಳಿದು, ಬೆವರಿದ ಕೈಗೆ ಮೆತ್ತಿಕೊಂಡು ಮಾನ ಕಳೆಯುತ್ತದೆ. ಗುಳಿಗೆ ಕೂರುವುದು ಹೆಬ್ಬೆರಳು ಮತ್ತು ತೋರುಬೆರಳು ಸೇರುವ ಸಂದಿಯಲ್ಲಿ, ಕೈಯ ಹಿಂಬದಿಗೆ. ಎದುರಿನವರಿಗೆ ಅಂಗೈ ಖಾಲಿಯಾಗಿಯೇ ಕಾಣುತ್ತದೆ. ಕೈ ಸುತ್ತಿಸುವುದು ಬರೀ ಆಟವಲ್ಲ, ಆ ಹೊತ್ತಿನಲ್ಲೇ ಗುಳಿಗೆ ಬೆರಳ ತುದಿಗೆ ಜಾರುತ್ತದೆ.

ಹಾಗಾಗಿ ಅವರು ತೋಳು ಮಡಿಸಿದ್ದರೂ ವಿಭೂತಿ ಬರುತ್ತಿತ್ತು. ಆಗ ಹುಡುಗಿ ಇನ್ನೊಂದು ಪ್ರಶ್ನೆ ಕಟ್ಟಬೇಕಾಗುತ್ತಿತ್ತು: ಕೈ ತೊಳೆದು ಮಾಡಿ, ಬೆರಳು ಅಗಲಿಸಿ ಮಾಡಿ, ನಾನು ಹೇಳಿದ ಕೈಯಲ್ಲಿ ಮಾಡಿ. ಒಂದೊಂದು ಷರತ್ತೂ ಒಂದೊಂದು ದಾರಿ ಮುಚ್ಚುತ್ತದೆ. "ಕೂತ್ಕೊ" ಎಂದಾಗ ಕಳೆದುಹೋದದ್ದು ಈ ಎರಡನೇ ಪ್ರಶ್ನೆ.

ಎಚ್ಚೆನ್ ಮಾಡಿದ್ದು ಇದನ್ನೇ. 1976ರಲ್ಲಿ, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ, ಪವಾಡ ಮತ್ತು ಮೂಢನಂಬಿಕೆಗಳನ್ನು ಪರೀಕ್ಷಿಸಲು ಸಮಿತಿ ಮಾಡಿದರು. ಪಾಂಡವಪುರದ ಏಳು ವರ್ಷದ ಹುಡುಗನೊಬ್ಬ ವಿಭೂತಿ ತರಿಸುತ್ತಾನೆ ಎಂದು ಜನ ಮುಗಿಬಿದ್ದಿದ್ದರು. ಸಮಿತಿಯವರು ಹೋಗಿ ನೋಡಿದರೆ ಅಂಗಿಯೊಳಗೆ ವಿಭೂತಿಯ ಚೀಲ. ಗಾಳಿಯಿಂದ ವಿಭೂತಿ, ಉಂಗುರ ತೆಗೆದುಕೊಡುತ್ತಿದ್ದ ಸತ್ಯ ಸಾಯಿಬಾಬಾ ಅವರಿಗೂ ಪರೀಕ್ಷೆಗೆ ಒಪ್ಪಿ ಎಂದು ಎಚ್ಚೆನ್ ಪತ್ರ ಬರೆದರು, ಒಪ್ಪಿಗೆ ಬರಲಿಲ್ಲ. ಉಂಗುರ ಬೇಡ, ಕುಂಬಳಕಾಯಿ ಸೃಷ್ಟಿಸಲಿ ಎಂದರು. ಜನ ಇವತ್ತಿಗೂ ಅದನ್ನು ಹಾಸ್ಯವೆಂದೇ ಹೇಳಿಕೊಂಡು ನಗುತ್ತಾರೆ. ಭೌತಶಾಸ್ತ್ರದ ಮೇಷ್ಟ್ರು ಹಾಕಿದ ಷರತ್ತು ಅದು. ತೋಳು, ಬೆರಳ ಸಂದಿ, ಚೀಲ, ಎಲ್ಲ ದಾರಿಯನ್ನೂ ಕುಂಬಳಕಾಯಿಯ ಗಾತ್ರ ಒಂದೇ ಏಟಿಗೆ ಮುಚ್ಚಿಬಿಡುತ್ತದೆ.

ಭಾಷಣದಲ್ಲಿ ಇದರ ಸುದ್ದಿಯೇ ಬರಲಿಲ್ಲ. ಬಂದದ್ದು ಅವರ ಓಡಾಟದ ಪಟ್ಟಿ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಿಂದ ಹೈಸ್ಕೂಲಿಗಾಗಿ ಬೆಂಗಳೂರಿಗೆ ನಡೆದುಕೊಂಡು ಬಂದದ್ದು, ಕ್ವಿಟ್ ಇಂಡಿಯಾದಲ್ಲಿ ಯರವಡ ಜೈಲು, ಅಮೆರಿಕದ ಓಹಿಯೊ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ನ್ಯೂಕ್ಲಿಯರ್ ಫಿಸಿಕ್ಸ್ ಡಾಕ್ಟರೇಟ್, ಖಾದಿ, ಗಾಂಧಿ ಟೋಪಿ, 1984ರ ಪದ್ಮಭೂಷಣ. ಎಲ್ಲ ನಿಜವೇ. ಆದರೆ ಅಷ್ಟು ದೂರ ಹೋದವರು ವಾಪಸ್ ಬಂದು ಬಸವನಗುಡಿಯ ನ್ಯಾಷನಲ್ ಕಾಲೇಜಿನ ಹಾಸ್ಟೆಲ್ ಕೋಣೆಯಲ್ಲೇ ಇದ್ದು, ಮದುವೆಯಾಗದೆ, ಏನು ಮಾಡಿದರು? 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಶುರು ಮಾಡಿದರು, ಯಾರು ಬೇಕಾದರೂ ಬಂದು ವಿಜ್ಞಾನಿಗಳ ಮಾತು ಕೇಳುವ ಹಾಗೆ. ಬಾಗೇಪಲ್ಲಿ, ಗೌರಿಬಿದನೂರಿನಂಥ ಊರುಗಳಿಗೆ ಕಾಲೇಜು ಒಯ್ದರು. ಓಹಿಯೊದಿಂದ ತಂದ ಸರಕು ಬಾಗೇಪಲ್ಲಿಯ ಮಕ್ಕಳ ಕೈಗೆ ಸಿಗಬೇಕೆಂಬ ಹಟ ಅದು. ಟೋಪಿಯ ವರ್ಣನೆಗೆ ಹತ್ತು ನಿಮಿಷ ಕೊಡುವ ಭಾಷಣಕಾರರಿಗೆ ಇದಕ್ಕೆ ಒಂದು ನಿಮಿಷವಾದರೂ ಸಿಗಬೇಡವೇ?

ಪ್ರದರ್ಶಕರ ಬಗ್ಗೆಯೂ ಒಂದು ತಕರಾರಿದೆ. ಒಂದು ಗಂಟೆಯಲ್ಲಿ ಎಂಟು ಹತ್ತು ಪವಾಡ ತೋರಿಸಿ ಗುಟ್ಟು ಒಪ್ಪಿಸಿದರೆ ಅದು ಜಾದೂ ಪ್ರದರ್ಶನ. ಮೊದಲು ಬಾಬಾ ಹೇಳಿದ್ದನ್ನು ನಂಬುತ್ತಿದ್ದ ಮಗು ಈಗ ಪ್ರದರ್ಶಕರು ಹೇಳಿದ್ದನ್ನು ನಂಬುತ್ತದೆ, ಅಷ್ಟೆ.

ಒಂದು ಪೀರಿಯಡ್‌ಗೆ ಒಂದೇ ಪವಾಡ ಸಾಕು, ಅದಕ್ಕೆ ವಿಭೂತಿಯಷ್ಟು ನಿರಪಾಯದ್ದು ಬೇರೆ ಇಲ್ಲ. ಪರ್ಮಾಂಗನೇಟ್ ಮೇಲೆ ಗ್ಲಿಸರಿನ್ ಹಾಕಿ ಬೆಂಕಿ ಬರಿಸುವುದು ತಕ್ಷಣ ಹತ್ತುವುದಿಲ್ಲ, ಏನಾಯಿತೆಂದು ಬಗ್ಗಿ ನೋಡುವ ಮುಖಕ್ಕೇ ಭಗ್ಗೆನ್ನುತ್ತದೆ. ಫೋಟೊದ ಅಲ್ಯುಮಿನಿಯಂ ಚೌಕಟ್ಟಿನಿಂದ ಬೂದಿ ಉದುರಿಸಲು ಬಳಸುವ ಮರ್ಕ್ಯುರಿಕ್ ಕ್ಲೋರೈಡ್ ವಿಷ, ಶಾಲೆಯ ಹೊಸ್ತಿಲು ದಾಟಬಾರದು. ವಿಭೂತಿಯನ್ನು ಒಮ್ಮೆ ತೋರಿಸಿ, ಗುಟ್ಟು ಹೇಳದೆ, ಮಕ್ಕಳು ಹಾಕುವ ಷರತ್ತುಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಒಂದು ಸಲಕ್ಕೆ ಒಂದೇ ಷರತ್ತು. ಎರಡು ಒಟ್ಟಿಗೆ ಹಾಕಿದರೆ ವಿಭೂತಿ ನಿಂತದ್ದು ಯಾವುದರಿಂದ ಎಂದು ತಿಳಿಯುವುದಿಲ್ಲ. ಐದಾರು ಗುಳಿಗೆ ಹೆಚ್ಚಿಗೆ ಇಟ್ಟುಕೊಳ್ಳಿ, ಮತ್ತೆ ಮತ್ತೆ ಮಾಡಬೇಕಾಗುತ್ತದೆ. ಬೆಲ್ ಹೊಡೆಯುವುದರೊಳಗೆ ಯಾರಿಗೂ ಗುಟ್ಟು ಸಿಗದಿದ್ದರೆ ನಾಳೆಗೆ ಬಿಡಿ.